ಕೈಚಿತ್ರ ವಿಧಾನ, ಅಜೈಲ್ ತಂಡಗಳಲ್ಲಿ

ಕೆಲಸವನ್ನು ಸಣ್ಣ ಕಂತುಗಳಲ್ಲಿ ಮುಗಿಸಿ ತಿದ್ದುತ್ತ ಸಾಗುವ ಅಜೈಲ್ ಕಾರ್ಯಪದ್ಧತಿಯನ್ನು ಬಿಳಿಹಲಗೆ, ಗೋಡೆ, ಕಾಗದದ ಮೇಲೆ ಕೈಯಿಂದ ಬರೆದ ಚಿತ್ರಗಳ ಮೂಲಕ ತಂತ್ರಾಂಶ ತಂಡಗಳಿಗೆ ತಿಳಿಸಿಕೊಡುವ ಕ್ರಮ. ಅಜೈಲ್ ಪ್ರಣಾಳಿಕೆಯನ್ನು 2001ರ ಫೆಬ್ರವರಿಯಲ್ಲಿ ಅಮೆರಿಕದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ರೂಪಿಸಿದರು. ಈ ತಂಡಗಳು ಕೆಲಸದ ಚೀಟಿ ಅಂಟಿಸುವ ಹಲಗೆಯ ಬೇರು ಇನ್ನೂ ಹಳೆಯದು: ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೊ ಬಳಕೆಗೆ ತಂದ ಕಾನ್‌ಬಾನ್ ಚೀಟಿ. ಜಪಾನಿ ಭಾಷೆಯಲ್ಲಿ ಆ ಪದಕ್ಕೆ ಫಲಕ ಎಂದೇ ಅರ್ಥ.

ಹೈದರಾಬಾದಿನಲ್ಲಿ 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಮಾದಾಪುರ, ಗಚ್ಚಿಬೌಲಿ ಭಾಗ ತಂತ್ರಾಂಶ ಕಚೇರಿಗಳ ನೆಲೆಯಾಯಿತು. ತೆಲುಗು, ಉರ್ದು, ಹಿಂದಿ, ಕನ್ನಡ ಮಾತಿನವರು ಒಂದೇ ಮೇಜಿನ ಸುತ್ತ ಕೂರುವ ಇಂಥ ಊರಿನಲ್ಲಿ ಚಿತ್ರದ ಬೆಲೆ ಬೇಗ ತಿಳಿಯುತ್ತದೆ. ಹಲಗೆಯ ಮೇಲೆ ಮೂರು ಅಂಕಣ: ಮಾಡಬೇಕಾದ್ದು, ನಡೆಯುತ್ತಿರುವುದು, ಮುಗಿದದ್ದು. ನಡುವಿನ ಅಂಕಣದಲ್ಲಿ ಹಳದಿ ಚೀಟಿಗಳು ಒಂದರ ಮೇಲೊಂದು ಅಂಟಿಕೊಂಡು ಮೂಲೆ ಸುರುಟಿದ್ದರೆ, ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೊಸಬರಿಗೂ ಯಾರೂ ಹೇಳಬೇಕಾಗಿಲ್ಲ. ಉಳಿದ ಕೆಲಸ ತೋರಿಸುವ ಇಳಿಗೆರೆ ದಿನದಿನವೂ ಕೆಳಗಿಳಿಯದೆ ಅಡ್ಡಕ್ಕೆ ಚಾಚಿದರೂ ಹಾಗೆಯೇ.

ಸ್ವೀಡನ್ನಿನ ಹೆನ್ರಿಕ್ ಕ್ನಿಬರ್ಗ್ ಬರೆದ ಸ್ಕೇಟ್‌ಬೋರ್ಡಿನಿಂದ ಕಾರಿನವರೆಗಿನ ಸರಳ ಚಿತ್ರ ಈ ವಿಧಾನದ ಅತ್ಯುತ್ತಮ ಮಾದರಿ: ಮೊದಲು ಬರೀ ಚಕ್ರ ಕೊಡಬೇಡಿ, ಓಡುವ ಪುಟ್ಟದನ್ನು ಕೊಡಿ ಎಂಬುದನ್ನು ಅದು ಒಂದೇ ನೋಟದಲ್ಲಿ ಹೇಳುತ್ತದೆ. ಅಂದದ ಅಚ್ಚುಚಿತ್ರಕ್ಕಿಂತ ತಂಡದ ಎದುರೇ ಬರೆದ ಸೊಟ್ಟ ಗೆರೆ ಮೇಲು. ಅದನ್ನು ಅಳಿಸಿ ತಿದ್ದಲು ಯಾರೂ ಹಿಂಜರಿಯುವುದಿಲ್ಲ. 2020ರ ಬಳಿಕ ಮನೆಯಿಂದ ಕೆಲಸ ಹೆಚ್ಚಿದಂತೆ ಇಂಥ ಹಲಗೆಗಳಲ್ಲಿ ಅನೇಕವು ಕಂಪ್ಯೂಟರ್ ಪರದೆಗೆ ಸರಿದವು.