ಗುರ್ಲಹೊಸೂರಿನಿಂದ ಸುಳೇಭಾವಿಗೆ: ಹಾಡೊಂದು ನಡೆದ ದಾರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದೊಡನೆ ನಮಗೆ ನೆನಪಾಗುವುದು 1824ರ ಕಿತ್ತೂರಿನ ಕದನ, ಸಂಗೊಳ್ಳಿ ರಾಯಣ್ಣ, ಎಲ್ಲಮ್ಮನ ಗುಡ್ಡ. ಈ ಸೀಮೆಗೆ ಹಾಡಿನ ಚರಿತ್ರೆಯೂ ಇದೆ. ಬೈಲಹೊಂಗಲದಲ್ಲಿ ನಡೆಯಿತೆನ್ನುವ ಕೊಲೆಯ ಕತೆ 'ಸಂಗ್ಯಾ ಬಾಳ್ಯಾ' ಸಣ್ಣಾಟವಾಗಿ ಊರೂರು ಸುತ್ತಿತು. ಇದು ನಮಗೆಲ್ಲ ಗೊತ್ತು. ಆದರೆ ಮರಾಠಿಗರು ತಮ್ಮ ಹೆಮ್ಮೆಯೆಂದು ಹೇಳಿಕೊಳ್ಳುವ ಸಂಗೀತ ನಾಟಕದ ಬೇರು ಕೂಡ ಇಲ್ಲಿಯೇ ಇದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಮರಾಠಿ ಸಂಗೀತ ನಾಟಕದ ಜನಕ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು 1843ರಲ್ಲಿ, ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯಲ್ಲಿ ಅವರು 'ಸಂಗೀತ ಶಾಕುಂತಲ'ವನ್ನು ರಂಗಕ್ಕೆ ತಂದಾಗ ಅದರ ಹಾಡುಗಳಲ್ಲಿ ಕರ್ನಾಟಕದ ಮಟ್ಟುಗಳೂ ಸೇರಿದ್ದವು. ಅವರು ತೀರಿಕೊಂಡದ್ದೂ ಗುರ್ಲಹೊಸೂರಿನಲ್ಲೇ, 1885ರಲ್ಲಿ. ಪಕ್ಕದ ರಾಮದುರ್ಗದಲ್ಲಿ ಆಳುತ್ತಿದ್ದದ್ದು ಮರಾಠಿ ಮಾತನಾಡುವ ಭಾವೆ ಮನೆತನ, ಬೀದಿಯ ಮಾತು ಕನ್ನಡ. ಇಂಥ ನೆಲದಲ್ಲಿ ಹಾಡು ಯಾವ ಭಾಷೆಯ ಸೊತ್ತು ಎಂದು ಕೇಳಿದರೆ ಉತ್ತರ ಸುಲಭವಲ್ಲ.

ಕಿರ್ಲೋಸ್ಕರ್ ಕಂಪನಿಗೆ 1905ರಲ್ಲಿ ಒಬ್ಬ ಹುಡುಗ ಸೇರಿದ. ಅವನ ಹೆಸರು ನಾರಾಯಣ ಶ್ರೀಪಾದ ರಾಜಹಂಸ. ಮುಂದೆ ಬಾಲಗಂಧರ್ವ ಎಂದು ಪ್ರಸಿದ್ಧನಾದ. 1911ರ 'ಮಾನಾಪಮಾನ', 1916ರ 'ಸ್ವಯಂವರ' ನಾಟಕಗಳಲ್ಲಿ ಸ್ತ್ರೀಪಾತ್ರ ವಹಿಸಿ ಅವರು ಹಾಡಿದ ಪದಗಳು ಮನೆಮನೆಯ ಮಾತಾದವು. ಹಾಡಿಗೆ 'ವನ್ಸ್ ಮೋರ್' ಬಿದ್ದಷ್ಟೂ ನಾಟಕ ಬೆಳಗಿನವರೆಗೆ ಎಳೆಯುತ್ತಿತ್ತು.

ಆ ಹಾಡಿನ ಹಿಂದೆ ಯಾರಿದ್ದರು? ಹಾಡುಗಳಿಗೆ ಮಟ್ಟು ಕೂಡಿಸಿದವರಲ್ಲಿ ಪ್ರಮುಖರು ಭಾಸ್ಕರಬುವಾ ಬಖಲೆ. ಅವರಿಗೆ ಪಾಠ ಹೇಳಿದವರು ಆಗ್ರಾದ ನತ್ಥನ್ ಖಾನ್ ಮುಂತಾದ ಉಸ್ತಾದರು. ಬಾಲಗಂಧರ್ವರ ಕಂಪನಿಯಲ್ಲಿ ತಬಲಾ ನುಡಿಸಿದವರು ಅಹಮದ್ ಜಾನ್ ಥಿರಕವಾ, ಸಾರಂಗಿ ಕಾದರ್ ಬಕ್ಷ್ ಅವರದು. ಮೀರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು ಸ್ವತಃ 'ಮಾನಾಪಮಾನ'ದ ಹಾಡನ್ನು ಗ್ರಾಮೋಫೋನಿಗೆ ಹಾಡಿದರು. ಹಿಂದೂ ಪುರಾಣದ ಕತೆ, ಮುಸ್ಲಿಂ ಉಸ್ತಾದರ ವಿದ್ಯೆ, ಮರಾಠಿ ಮಾತು, ಕನ್ನಡ ನೆಲದ ಮಟ್ಟು: ಎಲ್ಲವೂ ಒಂದೇ ರಂಗದ ಮೇಲೆ ಕೂಡಿದ್ದವು. ಅದನ್ನು ಯಾರೂ ಭಾವೈಕ್ಯದ ಪ್ರದರ್ಶನವೆಂದು ಕರೆಯಲಿಲ್ಲ. ಅದು ಅವರ ದಿನನಿತ್ಯದ ದುಡಿಮೆಯಾಗಿತ್ತು.

ಆಗಿನ ಗ್ರಾಮೋಫೋನ್ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ರಂಗದ ಮೇಲಿನ ಆಲಾಪ, ವಿಸ್ತಾರಗಳೆಲ್ಲ ಕತ್ತರಿಸಿಹೋಗುತ್ತಿದ್ದವು. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಬಾಲ್ಯದಲ್ಲಿಯೇ ಇಂಥ ಪ್ಲೇಟುಗಳನ್ನು ಕೇಳಿ ದೊಡ್ಡ ಗಾಯಕರನ್ನು ಹಾಗೆಹಾಗೆಯೇ ಹಾಡಿ ತೋರಿಸುತ್ತಿದ್ದ. ಅವನೇ ಕುಮಾರ ಗಂಧರ್ವ.

ಕ್ಷಯರೋಗ ಅವರನ್ನು ವರ್ಷಗಟ್ಟಲೆ ಹಾಸಿಗೆಯಲ್ಲಿ ಕೆಡವಿತು. ದೇವಾಸದಲ್ಲಿ ಚೇತರಿಸಿಕೊಂಡು ಮತ್ತೆ ಹಾಡತೊಡಗಿದ ಕುಮಾರರು 1960ರ ದಶಕದಲ್ಲಿ 'ಮಲಾ ಉಮಜಲೇಲೆ ಬಾಲಗಂಧರ್ವ' ಎಂಬ ಕಾರ್ಯಕ್ರಮ ಕಟ್ಟಿದರು. ಅದು ಎಲ್.ಪಿ. ರೆಕಾರ್ಡಾಗಿಯೂ ಬಂತು. ಹೆಸರಿನ ಅರ್ಥ 'ನನಗೆ ತಿಳಿದ ಬಾಲಗಂಧರ್ವ'. ಬಾಲ್ಯದಲ್ಲಿ ನಕಲು ಮಾಡುತ್ತಿದ್ದವರು ಮಾಗಿದ ಮೇಲೆ ನಕಲು ಮಾಡಲಿಲ್ಲ. ಶಾಸ್ತ್ರೀಯ ಗಾಯಕರೊಬ್ಬರು ಜನಪ್ರಿಯ ಹಾಡನ್ನು ಹಗುರವೆಂದು ತಳ್ಳದೆ, ಅದರೊಳಗಿನ ರಾಗ, ಲಯ, ಮಾತಿನ ಒತ್ತನ್ನು ಬಿಡಿಸಿ ತೋರಿಸಿದರು. ಅಮೆರಿಕೆಯಲ್ಲಿ ಜಾಜ್ ಗಾಯಕಿ ಎಲಾ ಫಿಟ್ಜೆರಾಲ್ಡ್ 1956ರಿಂದ 1964ರವರೆಗೆ ಹಳೆಯ ನಾಟಕ, ಸಿನಿಮಾ ಹಾಡುಗಳನ್ನು ಒಬ್ಬೊಬ್ಬ ಕರ್ತೃವಿನ ಹೆಸರಿನಲ್ಲಿ ಹಾಡಿಟ್ಟದ್ದೂ ಇದೇ ಬಗೆಯ ಕೆಲಸ.

ಈ ಕತೆಯಲ್ಲಿ ಒಂದು ಹೆಸರು ಮಾತ್ರ ಸದಾ ಅಂಚಿಗೆ ಸರಿಯುತ್ತದೆ. ಅದು ಗೋಹರಬಾಯಿ ಕರ್ನಾಟಕಿ, ಬೀಳಗಿಯವರು, ಅಮೀರಬಾಯಿ ಕರ್ನಾಟಕಿಯ ಅಕ್ಕ. ಬಾಲಗಂಧರ್ವರ ಗಾಯನವನ್ನು ಆರಾಧಿಸಿ ಕಲಿತ ಆಕೆ 1938ರಲ್ಲಿ ಅವರ ಕಂಪನಿ ಸೇರಿದರು. 1951ರಲ್ಲಿ ಇಬ್ಬರೂ ಮದುವೆಯಾದರು. ಕಂಪನಿಯ ಸಾಲ, ಸಿನಿಮಾದ ಪೈಪೋಟಿ, ಏರುವ ವಯಸ್ಸು ಎಲ್ಲ ಇದ್ದರೂ ಬಾಲಗಂಧರ್ವರ ಇಳಿಗಾಲದ ಹೊಣೆಯನ್ನು ಹಲವು ಅಭಿಮಾನಿಗಳು ಹೊರಿಸಿದ್ದು ಈ ಮುಸ್ಲಿಂ ಹೆಣ್ಣುಮಗಳ ಮೇಲೆ. ಆಕೆ 1964ರಲ್ಲಿ ತೀರಿಕೊಂಡರು, ಬಾಲಗಂಧರ್ವರು 1967ರಲ್ಲಿ. ಥಿರಕವಾ ಅವರ ಬೆರಳುಗಳನ್ನು ಮೆಚ್ಚಿದ ಸಮಾಜ, ಅದೇ ಕಂಪನಿಯ ಗಾಯಕಿ ಮನೆಯೊಡತಿಯಾದಾಗ ಮುಖ ತಿರುಗಿಸಿತು. ಕಲೆಯಲ್ಲಿ ಒಪ್ಪಿದ್ದನ್ನು ಬದುಕಿನಲ್ಲಿ ಒಪ್ಪಲಾಗದ ಈ ಕಷ್ಟ ಇಂದಿಗೂ ತೀರಿಲ್ಲ.

ಗುರ್ಲಹೊಸೂರು ಇರುವ ಸವದತ್ತಿ ತಾಲೂಕಿನ ಏಣಗಿಯಲ್ಲಿಯೇ 1914ರಲ್ಲಿ ಹುಟ್ಟಿದ ನಾಡೋಜ ಏಣಗಿ ಬಾಳಪ್ಪನವರು ಕನ್ನಡ ಕಂಪನಿ ನಾಟಕದ ಪರಂಪರೆಯನ್ನು ಉಳಿಸಿದರು. ಸ್ತ್ರೀಪಾತ್ರದಿಂದ ಆರಂಭಿಸಿ, 'ಜಗಜ್ಯೋತಿ ಬಸವೇಶ್ವರ'ದ ಬಸವಣ್ಣನಾಗಿ ಜನಮನ ಗೆದ್ದು, ಇಳಿವಯಸ್ಸಿನಲ್ಲೂ ರಂಗಗೀತೆ ಹಾಡುತ್ತಿದ್ದ ಅವರು 2017ರ ಆಗಸ್ಟ್ 18ರಂದು ನಿಧನರಾದರು. ಅಂಥ ಕಂಠಗಳು ಒಂದೊಂದಾಗಿ ಮರೆಯಾಗುತ್ತಿವೆ.

ಗಡಿಯ ಜಗಳದಲ್ಲಿ ಬೆಳಗಾವಿ ಯಾರದು ಎಂದು ಕೂಗುವವರು ಈ ಹಾಡುಗಳನ್ನು ಒಮ್ಮೆ ಕೇಳಬೇಕು. ಗುರ್ಲಹೊಸೂರಿನವರು ಕಟ್ಟಿದ ರಂಗದಲ್ಲಿ ಬಾಲಗಂಧರ್ವರು ಬೆಳೆದರು, ಬೀಳಗಿಯ ಗೋಹರಬಾಯಿ ಅವರ ಜೊತೆ ಹಾಡಿದರು, ಸುಳೇಭಾವಿಯ ಕುಮಾರರು ಆ ಹಾಡುಗಳಿಗೆ ಮರುಹುಟ್ಟು ಕೊಟ್ಟರು. ಇದರಲ್ಲಿ ಒಬ್ಬರ ಹೆಸರನ್ನು ಅಳಿಸಿದರೂ ಚರಿತ್ರೆ ಸುಳ್ಳಾಗುತ್ತದೆ. ನಮ್ಮ ಊರುಗಳ ಅಟ್ಟದಲ್ಲಿ ಧೂಳು ಹಿಡಿದಿರುವ ಹಳೆಯ ಪ್ಲೇಟುಗಳನ್ನು ಒರೆಸಿ ಕೇಳುವುದು, ಹಾಡುವ ಹಿರಿಯರಿದ್ದರೆ ಅವರ ಪದಗಳನ್ನು ಹಿಡಿದಿಡುವುದು ನಾವು ಇಂದೇ ಮಾಡಬಹುದಾದ ಕೆಲಸ.