ಆಸರೆ ಮತ್ತು ಕೋಟೆ: ಕತಾರಿನ ಭದ್ರತಾ ನೀತಿ

ಕತಾರಿನ ವಿಸ್ತೀರ್ಣ ಸುಮಾರು 11,600 ಚದರ ಕಿಲೋಮೀಟರು. ನಮ್ಮ ಬೆಳಗಾವಿ ಜಿಲ್ಲೆ ಅದಕ್ಕಿಂತ ದೊಡ್ಡದು. ಜನಸಂಖ್ಯೆ ಸುಮಾರು 30 ಲಕ್ಷವಾದರೂ ಅದರಲ್ಲಿ ಆ ನಾಡಿನ ಪ್ರಜೆಗಳು ಹತ್ತರಲ್ಲಿ ಒಬ್ಬರಷ್ಟೇ; ಉಳಿದವರು ನಮ್ಮಂತೆ ದುಡಿಯಲು ಬಂದವರು. ಇರುವ ಒಂದೇ ಭೂಗಡಿ ಸೌದಿ ಅರೇಬಿಯದೊಡನೆ. ಕೊಲ್ಲಿಯ ಆಚೆ ದಡದಲ್ಲಿ ಇರಾನ್. ಇಷ್ಟು ಕಡಿಮೆ ಜನರ ನಾಡು ಕೇವಲ ತನ್ನ ಸೈನ್ಯವನ್ನು ನಂಬಿ ಬಾಳಲಾರದೆಂಬುದು ಸ್ಪಷ್ಟ. ಹಾಗಾದರೆ ಅದು ಏನನ್ನು ನಂಬಿದೆ?

ಈ ಪ್ರಶ್ನೆಯನ್ನು ಕೌಟಿಲ್ಯ ಬಹಳ ಹಿಂದೆಯೇ ಎತ್ತಿದ್ದಾನೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ತಾಳೆಗರಿಯ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಹನ್ನೆರಡನೆಯ ಅಧಿಕರಣ ಪೂರ್ತಿಯಾಗಿ ದುರ್ಬಲ ರಾಜನಿಗೆ ಮೀಸಲು. ಬಲಿಷ್ಠನೆದುರು ಜೊಂಡಿನಂತೆ ಬಾಗಬೇಕೆಂಬುದು ಭಾರದ್ವಾಜನ ಮತ. ಸರ್ವಬಲದಿಂದ ಹೋರಾಡಬೇಕೆಂಬುದು ವಿಶಾಲಾಕ್ಷನ ಮತ. ಕೌಟಿಲ್ಯ ಎರಡನ್ನೂ ತಳ್ಳಿಹಾಕಿ, ಶತ್ರುವಿಗಿಂತ ಬಲವಾದ ರಾಜನ ಆಸರೆಯನ್ನಾಗಲಿ ಭೇದಿಸಲಾಗದ ಕೋಟೆಯನ್ನಾಗಲಿ ಹಿಡಿಯಬೇಕೆನ್ನುತ್ತಾನೆ. ಕತಾರಿನ ಕತೆಯನ್ನು ಓದುವಾಗಲೆಲ್ಲ ನನಗೆ ಈ ಎರಡು ಪದಗಳೇ ನೆನಪಾಗುತ್ತವೆ.

ಆಸರೆಯ ಇತಿಹಾಸ ಹಳೆಯದು, ಮತ್ತು ಅದರ ಆರಂಭದಲ್ಲಿ ಮುಂಬಯಿಯ ನೆರಳಿದೆ. 1867ರಲ್ಲಿ ಬಹರೇನ್ ಮತ್ತು ಅಬುಧಾಬಿಯ ಆಳರಸರು ದೋಹಾ ಹಾಗೂ ವಕ್ರಾ ಊರುಗಳನ್ನು ಸೂರೆಮಾಡಿದರು. ಮರುವರ್ಷ, ಮುಂಬಯಿ ಸರ್ಕಾರದ ಅಧೀನದಲ್ಲಿ ಬುಶೆಹರ್‌ನಲ್ಲಿದ್ದ ಬ್ರಿಟಿಷ್ ರೆಸಿಡೆಂಟ್ ಲೂಯಿಸ್ ಪೆಲ್ಲಿ ದೋಹಾದ ಮೊಹಮ್ಮದ್ ಬಿನ್ ಥಾನಿಯೊಡನೆ ಒಪ್ಪಂದ ಮಾಡಿಕೊಂಡ. ಬಹರೇನಿನ ಅಧೀನವೆಂದು ಎಣಿಸಲ್ಪಡುತ್ತಿದ್ದ ಪ್ರದೇಶವೊಂದು ಪ್ರತ್ಯೇಕ ಅಸ್ತಿತ್ವ ಪಡೆದದ್ದು ಹೀಗೆ. ಮೂರೇ ವರ್ಷಗಳಲ್ಲಿ ಮೊಹಮ್ಮದನ ಮಗ ಜಾಸಿಮ್ ಆಟೋಮನ್ ತುರ್ಕರನ್ನೂ ದೋಹಾಕ್ಕೆ ಬರಗೊಟ್ಟ. ಅವರ ಹಿಡಿತ ಬಿಗಿಯಾದಾಗ 1893ರಲ್ಲಿ ವಜ್ಬಾ ಎಂಬಲ್ಲಿ ಅವರನ್ನೇ ಸೋಲಿಸಿದ. ಒಬ್ಬ ದೊಡ್ಡವನನ್ನು ಇನ್ನೊಬ್ಬನಿಗೆ ಎದುರಾಗಿ ನಿಲ್ಲಿಸಿಕೊಳ್ಳುವ ಆ ಮನೆತನದ ಚಾತುರ್ಯ ಆಗಿನಿಂದಲೇ ಕಾಣುತ್ತದೆ. 1916ರಲ್ಲಿ ಕತಾರ್ ವಿಧಿವತ್ತಾಗಿ ಬ್ರಿಟಿಷರ ರಕ್ಷಣೆಗೆ ಒಳಪಟ್ಟಿತು. 1966ರವರೆಗೂ ಅಲ್ಲಿನ ಪೇಟೆಗಳಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ ಎಂಬುದನ್ನು ಇಂದಿನ ಕನ್ನಡಿಗರಲ್ಲಿ ಅನೇಕರು ಅರಿಯರು.

1971ರ ಸೆಪ್ಟೆಂಬರ್ 3ರಂದು ಸ್ವಾತಂತ್ರ್ಯ ಬಂದಾಗ ಬ್ರಿಟಿಷರ ಕೊಡೆ ಮಡಚಿತ್ತು. ಮುಂದಿನ ಎರಡು ದಶಕ ಕತಾರ್ ಸೌದಿಯ ನೆರಳಿನಲ್ಲಿ ಕಳೆಯಿತು. 1990ರಲ್ಲಿ ಇರಾಕ್ ಕುವೈತನ್ನು ನುಂಗಿದ್ದು, 1992ರ ಸೆಪ್ಟೆಂಬರಿನಲ್ಲಿ ಖಫೂಸ್ ಎಂಬ ಗಡಿಠಾಣೆಯಲ್ಲಿ ಸ್ವತಃ ಸೌದಿಯೊಡನೆಯೇ ಘರ್ಷಣೆ ನಡೆದದ್ದು, ಇವೆರಡೂ ಆ ನೆರಳಿನ ಬೆಲೆಯನ್ನು ತೋರಿಸಿಕೊಟ್ಟವು. 1992ರ ಜೂನ್‌ನಲ್ಲಿಯೇ ಅಮೆರಿಕದೊಡನೆ ರಕ್ಷಣಾ ಒಪ್ಪಂದವಾಗಿತ್ತು. 1995ರಲ್ಲಿ ತಂದೆಯನ್ನು ಪದಚ್ಯುತಗೊಳಿಸಿ ಅಮೀರನಾದ ಹಮದ್ ಬಿನ್ ಖಲೀಫಾನ ಕಾಲದಲ್ಲಿ, ಕತಾರ್ ತನ್ನ ಹಣದಿಂದಲೇ ಅಲ್ ಉದೈದ್ ವಾಯುನೆಲೆಯನ್ನು ಕಟ್ಟಿ ಅಮೆರಿಕನ್ನರಿಗೆ ತೆರೆದಿಟ್ಟಿತು. 2003ರಲ್ಲಿ ಸೌದಿಯಿಂದ ಹೊರಟ ಅಮೆರಿಕದ ವಾಯುಪಡೆಯ ಪ್ರಾದೇಶಿಕ ಕೇಂದ್ರ ಅಲ್ಲಿಗೇ ಬಂದು ನೆಲೆಸಿತು.

ಆದರೆ ಕತಾರಿನ ಸಂಪತ್ತಿನ ಮೂಲವಾದ ಅನಿಲಕ್ಷೇತ್ರ ಕಡಲಡಿಯಲ್ಲಿ ಇರಾನಿನೊಡನೆ ಹಂಚಿಕೊಂಡದ್ದು. ಇತ್ತ ಕಡೆ ಅದರ ಹೆಸರು ಉತ್ತರ ಕ್ಷೇತ್ರ, ಅತ್ತ ಕಡೆ ದಕ್ಷಿಣ ಪಾರ್ಸ್. ಅಮೆರಿಕದ ವಿಮಾನಗಳಿಗೆ ಆತಿಥ್ಯ ನೀಡುವ ದೇಶ ಅಮೆರಿಕದ ಶತ್ರುವಿನೊಡನೆ ಒಂದೇ ಕಣಜವನ್ನು ಹಂಚಿಕೊಂಡಿರುವುದು ವಿಚಿತ್ರವೆನಿಸಿದರೂ, ಕತಾರಿನ ನೀತಿಯ ತಿರುಳು ಇಲ್ಲಿಯೇ ಇದೆ: ತಾನು ಇಲ್ಲವಾದರೆ ಹಲವರಿಗೆ ನಷ್ಟವಾಗಬೇಕು. 1996ರ ಕೊನೆಯಲ್ಲಿ ಜಪಾನಿಗೆ ಮೊದಲ ಅನಿಲದ ಹಡಗು ಹೊರಟಿತು. ನಮ್ಮ ಪೆಟ್ರೋನೆಟ್ ಸಂಸ್ಥೆ ವರ್ಷಕ್ಕೆ 75 ಲಕ್ಷ ಟನ್ ದ್ರವೀಕೃತ ಅನಿಲ ಕೊಳ್ಳುವ ಕರಾರನ್ನು 2024ರ ಫೆಬ್ರುವರಿಯಲ್ಲಿ 2048ರವರೆಗೆ ವಿಸ್ತರಿಸಿತು. ಯುದ್ಧವಿಮಾನಗಳ ಖರೀದಿಯಲ್ಲೂ ಇದೇ ಧೋರಣೆ: ಫ್ರಾನ್ಸಿನಿಂದ ರಫಾಲ್, ಬ್ರಿಟನ್ನಿನಿಂದ ಟೈಫೂನ್, ಅಮೆರಿಕದಿಂದ ಎಫ್-15. ಇಷ್ಟು ಬಗೆಯ ವಿಮಾನಗಳನ್ನು ನಡೆಸಲು ಆ ನಾಡಿನಲ್ಲಿ ಪೈಲಟ್‌ಗಳೆಲ್ಲಿ ಎಂದು ಕೇಳುವವರುಂಟು. ಪ್ರಶ್ನೆ ಸರಿಯೇ, ಆದರೆ ಅಲ್ಲಿ ಕೊಂಡದ್ದರಲ್ಲಿ ವಿಮಾನ ಅರ್ಧ, ಮಾರಿದವರ ಹಿತಾಸಕ್ತಿ ಇನ್ನರ್ಧ ಎಂಬುದು ನನ್ನ ಎಣಿಕೆ. ಮಧ್ಯಸ್ಥಿಕೆಯನ್ನೂ ಇದಕ್ಕೆ ಸೇರಿಸಬೇಕು. 2008ರ ಲೆಬನಾನ್ ಒಪ್ಪಂದ, 2013ರ ತಾಲಿಬಾನ್ ಕಚೇರಿ, 2020ರ ಫೆಬ್ರುವರಿ 29ರ ಅಮೆರಿಕ-ತಾಲಿಬಾನ್ ಒಪ್ಪಂದ, ಎಲ್ಲಕ್ಕೂ ಅಂಗಳ ದೋಹಾ.

ಈ ಆಸರೆಗಳ ಪರೀಕ್ಷೆ ನಡೆದದ್ದು 2017ರ ಜೂನ್ 5ರಂದು. ಸೌದಿ ಅರೇಬಿಯ, ಸಂಯುಕ್ತ ಅರಬ್ ಎಮಿರೇಟ್ಸ್, ಬಹರೇನ್ ಮತ್ತು ಈಜಿಪ್ಟ್ ಒಟ್ಟಾಗಿ ಸಂಬಂಧ ಕಡಿದುಕೊಂಡವು. ಭೂಗಡಿ ಮುಚ್ಚಿತು, ಆಕಾಶಮಾರ್ಗಗಳು ಮುಚ್ಚಿದವು. ಅಲ್ ಜಜೀರಾವನ್ನು ನಿಲ್ಲಿಸುವುದು, ಟರ್ಕಿಯ ಸೇನಾನೆಲೆಯನ್ನು ತೆರವುಗೊಳಿಸುವುದು, ಇರಾನಿನೊಡನೆ ನಂಟು ತಗ್ಗಿಸುವುದು ಮೊದಲಾದ 13 ಬೇಡಿಕೆಗಳು ಬಂದವು. ಸಂಬಂಧ ಕಡಿದ ಮರುದಿನವೇ ಅಮೆರಿಕದ ಅಧ್ಯಕ್ಷ ಟ್ರಂಪ್ ದಿಗ್ಬಂಧನವನ್ನು ಮೆಚ್ಚಿ ಟ್ವೀಟ್ ಮಾಡಿದರು. ಸುಮಾರು ಒಂದು ವಾರದಲ್ಲಿ ಅವರದೇ ರಕ್ಷಣಾ ಇಲಾಖೆ ಕತಾರಿಗೆ 12 ಶತಕೋಟಿ ಡಾಲರಿನ ವಿಮಾನಗಳನ್ನು ಮಾರುವ ಒಪ್ಪಂದಕ್ಕೆ ಸಹಿ ಹಾಕಿತು. ಅಷ್ಟು ದುಬಾರಿಯ ಆಸರೆ ಎಷ್ಟು ಗೊಂದಲದ್ದಾಗಿರಬಹುದೆಂಬುದು ಆ ವಾರ ಎಲ್ಲರಿಗೂ ಕಂಡಿತು.

ಆಗ ಕೆಲಸ ಮಾಡಿದ್ದು ಬೇರೆಯೇ. ಇರಾನ್ ತನ್ನ ಆಕಾಶವನ್ನು ತೆರೆಯಿತು, ಟರ್ಕಿ ವಿಮಾನಗಳಲ್ಲಿ ಆಹಾರ ಕಳುಹಿಸಿತು. ಆ ವಾರಗಳಲ್ಲಿ ದೋಹಾದ ವೈದ್ಯರಾದ ನಮ್ಮ ಮಾತುಕತೆ ಯುದ್ಧವಿಮಾನಗಳ ಕುರಿತಾಗಿರಲಿಲ್ಲ. ಯಾವ ಔಷಧ ದುಬೈ ದಾರಿಯಾಗಿ ಬರುತ್ತಿತ್ತು, ಎಷ್ಟು ದಿನಕ್ಕೆ ದಾಸ್ತಾನಿದೆ, ಬದಲಿಗೆ ಏನು ಬರೆಯಬಹುದು ಎಂಬುದಷ್ಟೇ. ಹಾಲಿನ ಪೊಟ್ಟಣಗಳ ಮೇಲೆ ಟರ್ಕಿಯ ಭಾಷೆ ಕಾಣಿಸಿಕೊಂಡಿತು. ಜುಲೈನಲ್ಲಿ ಬಲದ್ನಾ ಸಂಸ್ಥೆ ಹಸುಗಳನ್ನು ವಿಮಾನದಲ್ಲಿ ತರಿಸತೊಡಗಿದಾಗ ಜಗತ್ತು ನಕ್ಕಿತು. 2019ರಲ್ಲಿ ಅದೇ ಸಂಸ್ಥೆ ಹಾಲನ್ನು ಹೊರದೇಶಗಳಿಗೆ ಮಾರತೊಡಗಿತು. 2017ರ ಸೆಪ್ಟೆಂಬರಿನಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಹಮದ್ ಬಂದರಿನಿಂದಾಗಿ, ನೆರೆಯವರ ಬಂದರಿನಲ್ಲಿ ಸರಕು ಇಳಿಸಿ ತರುವ ಅಗತ್ಯ ತಗ್ಗಿತು. 2021ರ ಜನವರಿ 5ರಂದು ಅಲ್ ಉಲಾದಲ್ಲಿ ರಾಜಿಯಾದಾಗ ಅಲ್ ಜಜೀರಾ ನಡೆಯುತ್ತಲೇ ಇತ್ತು, ಟರ್ಕಿಯ ಸೈನಿಕರೂ ಅಲ್ಲಿಯೇ ಇದ್ದರು. ಕೌಟಿಲ್ಯನ ಮಾತಿನಲ್ಲಿ ಹೇಳುವುದಾದರೆ, ಅದುವರೆಗೆ ಆಸರೆಗಾಗಿ ಹೇರಳವಾಗಿ ವೆಚ್ಚಮಾಡಿದ್ದ ದೇಶ ಕೋಟೆ ಕಟ್ಟುವ ಕೆಲಸಕ್ಕೂ ತೀವ್ರವಾಗಿ ತೊಡಗಿದ್ದು ಆಗಲೇ.

2025ನೇ ವರ್ಷ ಇನ್ನೂ ಕಠಿಣವಾದ ಪಾಠ ಕಲಿಸಿತು. ಜೂನ್ 23ರಂದು ಇರಾನ್ ಅಲ್ ಉದೈದ್ ಮೇಲೆ ಕ್ಷಿಪಣಿಗಳನ್ನು ಹಾರಿಸಿತು. ರಕ್ಷಣೆಗೆಂದು ಕರೆತಂದ ನೆಲೆಯೇ ದಾಳಿಯ ಗುರಿಯಾಯಿತು. ಸೆಪ್ಟೆಂಬರ್ 9ರಂದು, ಸಂಧಾನಕ್ಕೆಂದು ದೋಹಾದಲ್ಲಿದ್ದ ಹಮಾಸ್ ನಾಯಕರನ್ನು ಗುರಿಯಾಗಿಸಿ ಇಸ್ರೇಲ್ ಬಾಂಬು ಹಾಕಿತು. ಸತ್ತವರಲ್ಲಿ ಕತಾರಿನ ಭದ್ರತಾ ಸಿಬ್ಬಂದಿಯೊಬ್ಬರೂ ಇದ್ದರು. 2022ರಿಂದ ನ್ಯಾಟೋ ಹೊರಗಿನ ಪ್ರಮುಖ ಮಿತ್ರನೆಂದು ಅಮೆರಿಕ ಮನ್ನಿಸಿದ್ದ ದೇಶದ ಮೇಲೆ ಅಮೆರಿಕದ ಇನ್ನೊಬ್ಬ ಮಿತ್ರನ ದಾಳಿ ಇದು. ತಿಂಗಳ ಕೊನೆಯಲ್ಲಿ ಇಸ್ರೇಲಿನ ಪ್ರಧಾನಿ ಶ್ವೇತಭವನದಿಂದಲೇ ದೂರವಾಣಿಯಲ್ಲಿ ಕ್ಷಮೆ ಕೇಳಿದರು. ಕತಾರಿನ ಮೇಲಿನ ಸಶಸ್ತ್ರ ದಾಳಿಯನ್ನು ಅಮೆರಿಕದ ಶಾಂತಿ-ಭದ್ರತೆಗೇ ಅಪಾಯವೆಂದು ಪರಿಗಣಿಸುವ ಆದೇಶಕ್ಕೆ ಟ್ರಂಪ್ ಸಹಿ ಹಾಕಿದರು. ಅದು ಸೆನೆಟ್ ಒಪ್ಪಿದ ಒಡಂಬಡಿಕೆಯಲ್ಲ. ಒಬ್ಬ ಅಧ್ಯಕ್ಷ ಬರೆದದ್ದನ್ನು ಇನ್ನೊಬ್ಬ ಅಧ್ಯಕ್ಷ ಅಳಿಸಬಹುದು.

ಆದುದರಿಂದ ಕೋಟೆಯ ಲೆಕ್ಕವೇ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ಆ ಲೆಕ್ಕದಲ್ಲಿ ಅತ್ಯಂತ ದುರ್ಬಲವಾದ ಗೋಡೆ ನೀರು. ನದಿಯಿಲ್ಲದ ಆ ನಾಡಿನ ಕುಡಿಯುವ ನೀರು ಬಹುತೇಕ ಕಡಲಿನಿಂದಲೇ ಬರಬೇಕು. ಕಡಲಿನಲ್ಲಿ ತೈಲ ಹರಡಿದರೆ, ಇಲ್ಲವೇ ಎದುರು ದಡದ ಬುಶೆಹರ್ ಅಣುಸ್ಥಾವರಕ್ಕೆ ಪೆಟ್ಟು ಬಿದ್ದರೆ, ಉಪ್ಪು ತೆಗೆಯುವ ಸ್ಥಾವರಗಳನ್ನು ನಿಲ್ಲಿಸಬೇಕಾಗುತ್ತದೆ. ದಿಗ್ಬಂಧನಕ್ಕೂ ಮೊದಲೇ ಆರಂಭಿಸಿದ್ದ ಬೃಹತ್ ಜಲಾಗಾರಗಳ ಯೋಜನೆಯನ್ನು 2018ರ ಡಿಸೆಂಬರಿನಲ್ಲಿ ಉದ್ಘಾಟಿಸಲಾಯಿತು. ಐದು ಸ್ಥಳಗಳಲ್ಲಿ ಕಾಂಕ್ರೀಟಿನ ಮಹಾತೊಟ್ಟಿಗಳು. ಗುರಿ, ಇಡೀ ದೇಶಕ್ಕೆ ಏಳು ದಿನಗಳಿಗಾಗುವಷ್ಟು ನೀರು. ಮೂತ್ರಪಿಂಡ ಸೋತ ರೋಗಿಗೆ ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು, ವಾರಕ್ಕೆ ಮೂರು ಬಾರಿ. ಏಳು ದಿನಗಳೆಂದರೆ ಅಂಥ ಮೂರು ಸರದಿ.