ತಪ್ಪು ಖಾತೆಗೆ ಜಮೆಯಾದ ಕೀರ್ತಿ

ಬ್ಯಾಂಕಿನಲ್ಲಿ ಐವತ್ತು ದಾಟಿದ ನಮಗೆಲ್ಲ ಬಿಪಿ ಅಂದರೆ ತುಟ್ಟಿಭತ್ಯೆ ಇದ್ದ ಹಾಗೆ, ಏರುವುದೊಂದೇ ಅದಕ್ಕೆ ಗೊತ್ತು. ಅದರ ಬಗ್ಗೆ ಓದುತ್ತಾ ಹೋದಾಗ ಸಿಕ್ಕ ಇತಿಹಾಸ ಇದು. ನಾನು ಓದಿದ್ದು ಬಿ.ಕಾಂ., ವಿಜ್ಞಾನವಲ್ಲ. ಆದರೆ ಇಲ್ಲಿ ಲೆಕ್ಕ ತಾಳೆ ನೋಡುವ ಕೆಲಸವೇ ಜಾಸ್ತಿ, ಹಾಗಾಗಿ ಬರೆಯುವ ಧೈರ್ಯ ಮಾಡಿದ್ದೇನೆ.

ಸಿರೊಟೋನಿನ್ ಅಂದರೆ ಈಗ ನೆನಪಾಗುವುದು ಖಿನ್ನತೆಯ ಮಾತ್ರೆ. ಅದಕ್ಕೆ ಆ ಹೆಸರು ಬಂದದ್ದು ಮಾತ್ರ ಬಿಪಿಯ ಹುಡುಕಾಟದಲ್ಲಿ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಅರ್ವಿನ್ ಪೇಜ್ ರಕ್ತದೊತ್ತಡ ಏರಿಸುವ ವಸ್ತುಗಳನ್ನು ಹುಡುಕುತ್ತಿದ್ದರು. ಹೆಪ್ಪುಗಟ್ಟಿದ ರಕ್ತದಲ್ಲಿ ಬರುವ ಯಾವುದೋ ವಸ್ತು ರಕ್ತನಾಳ ಬಿಗಿಸಿ ಅವರ ಪರೀಕ್ಷೆಗಳಿಗೆ ಅಡ್ಡ ಬರುತ್ತಿತ್ತು. 1948ರಲ್ಲಿ ಮಾರಿಸ್ ರಾಪೋರ್ಟ್, ಆರ್ಡಾ ಗ್ರೀನ್ ಮತ್ತು ಪೇಜ್ ಅದನ್ನು ದನದ ರಕ್ತದ ಸೀರಮ್‌ನಿಂದ ಬೇರ್ಪಡಿಸಿದರು. ಸೀರಮ್‌ನಲ್ಲಿದ್ದುಕೊಂಡು ನಾಳ ಬಿಗಿಸುವುದರಿಂದ ಸಿರೊಟೋನಿನ್. ಇಟಲಿಯ ಎರ್ಸ್ಪಾಮರ್ ಕರುಳಿನಲ್ಲಿ ಮೊದಲೇ ಕಂಡಿದ್ದ ಎಂಟೆರಮಿನ್ ಕೂಡ ಇದೇ ಎಂದು 1952ರಲ್ಲಿ ತಿಳಿಯಿತು.

ನಾಳ ಬಿಗಿಸುವುದನ್ನು ತಡೆದರೆ ಬಿಪಿ ಇಳಿಯಬೇಕಲ್ಲವೇ? ಅಷ್ಟು ಸುಲಭವಿರಲಿಲ್ಲ. ನಾಯಿಗಳಿಗೆ ಸಿರೊಟೋನಿನ್ ಚುಚ್ಚಿದರೆ ಒತ್ತಡ ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ನರಗಳು ನಾಳಗಳನ್ನು ಆಗ ಎಷ್ಟು ಬಿಗಿ ಹಿಡಿದಿವೆ ಎಂಬುದರ ಮೇಲೆ ಅದು ನಿಂತಿದೆ ಎಂದು ಪೇಜ್ ಮತ್ತು ಮೆಕ್‌ಕಬಿನ್ 1953ರಲ್ಲಿ ತೋರಿಸಿದರು. 1957ರಲ್ಲಿ ಗ್ಯಾಡಮ್ ಮತ್ತು ಪಿಕರೆಲ್ಲಿ ಗಿನಿಯಿಲಿಯ ಕರುಳಿನಲ್ಲಿ ಸಿರೊಟೋನಿನ್‌ಗೆ ಎರಡು ಬಗೆಯ ಗ್ರಾಹಕಗಳಿವೆ ಎಂದರು. ಬೀಗ ಒಂದಲ್ಲ, ಹಲವು!

1980ರ ಹೊತ್ತಿಗೆ ಬೆಲ್ಜಿಯಂನ ಯಾನ್ಸೆನ್ ಸಂಸ್ಥೆಯಿಂದ ಕೆಟಾನ್ಸೆರಿನ್ ಬಂತು. ಇದು ಸಿರೊಟೋನಿನ್‌ನ ಎರಡನೇ ಬಗೆಯ ಗ್ರಾಹಕವನ್ನು ತಡೆಯುವ ಔಷಧಿ. ಜಪಾನಿನ ಒಕಾಮೊಟೊ ಮತ್ತು ಅಯೋಕಿ 1963ರಲ್ಲಿ ವರದಿ ಮಾಡಿದ, ಹುಟ್ಟಾ ಬಿಪಿ ಬರುವ ಇಲಿಗಳ ತಳಿಯಿದೆ. ಆ ಇಲಿಗಳಲ್ಲಿ ಕೆಟಾನ್ಸೆರಿನ್ ಒತ್ತಡ ಇಳಿಸಿತು. ಅಲ್ಲಿಗೆ ಬಿಪಿಗೆ ಸಿರೊಟೋನಿನ್ನೇ ಕಾರಣ ಎಂದು ಲೆಕ್ಕ ಮುಗಿಸಬಹುದಿತ್ತು.

ಆದರೆ ಕೆಲವರು ವೋಚರ್ ತಿರುಗಿಸಿ ನೋಡಿದರು. ಕೆಟಾನ್ಸೆರಿನ್ ಇನ್ನೊಂದು ಬೀಗವನ್ನೂ ಮುಚ್ಚುತ್ತಿತ್ತು. ಅದು ಆಲ್ಫಾ-1, ಅಂದರೆ ನಾರ್‌ಅಡ್ರಿನಲಿನ್ ನಾಳ ಬಿಗಿಸಲು ಬಳಸುವ ಗ್ರಾಹಕ. ಪ್ರಾಜೋಸಿನ್ ಎಂಬ ಹಳೆಯ ಬಿಪಿ ಮಾತ್ರೆ ಕೆಲಸ ಮಾಡುವುದೂ ಅಲ್ಲೇ. ಇಲಿಗಳಲ್ಲಿ ಒತ್ತಡ ಇಳಿದದ್ದಕ್ಕೆ ಇದೇ ಕಾರಣ ಎಂದು ಫೋಜಾರ್ಡ್ 1982ರಲ್ಲಿ ವಾದಿಸಿದರು. ಆಮೇಲೆ ರಿಟಾನ್ಸೆರಿನ್ ಬಂತು. ಸಿರೊಟೋನಿನ್ ಗ್ರಾಹಕವನ್ನು ಅಷ್ಟೇ ಬಲವಾಗಿ ತಡೆಯುವ, ಆಲ್ಫಾ-1 ತಂಟೆಗೆ ಅಷ್ಟಾಗಿ ಹೋಗದ ಔಷಧಿ. ಅದರಿಂದ ಬಿಪಿ ಹಾಗೆ ಇಳಿಯಲಿಲ್ಲ. ಕೀರ್ತಿಯ ಬಹುಪಾಲು ತಪ್ಪು ಖಾತೆಗೆ ಜಮೆಯಾಗಿತ್ತು.

ಇದು ಬರೀ ಇಲಿಗಳ ಲೆಕ್ಕವಲ್ಲ. 1989ರಲ್ಲಿ ಪ್ರಕಟವಾದ, 3,899 ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಪೊಟ್ಯಾಶಿಯಂ ಹೊರಹಾಕುವ ಮೂತ್ರದ ಮಾತ್ರೆಗಳ ಜೊತೆ ಕೆಟಾನ್ಸೆರಿನ್ ತಗೊಂಡವರಲ್ಲಿ ಸಾವು ಹೆಚ್ಚಿತ್ತು. ಎರಡೂ ಸೇರಿ ಹೃದಯದ ವಿದ್ಯುತ್ ಲಯ ಕೆಡಿಸುತ್ತಿದ್ದವು.

ಒಂದು ಔಷಧಿ ಎಷ್ಟು ಬೀಗಗಳನ್ನು ಮುಟ್ಟುತ್ತದೆ ಎನ್ನುವುದು ಗುಣ ಕಂಡ ಮಾತ್ರಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಡಾಕ್ಟರ ಬಳಿ ಹೋದಾಗ ತಗೊಳ್ಳುವ ಎಲ್ಲ ಮಾತ್ರೆಗಳ ಹೆಸರನ್ನೂ ಹೇಳಿ, ಅಂಗಡಿಯಿಂದ ಸುಮ್ಮನೆ ತಂದ ಮಾತ್ರೆಗಳನ್ನೂ ಬಿಡದೆ. ಏನಂತೀರಿ?